ಮೂಕಪ್ರಾಣಿಗಾಗಿ ಅತ್ತರೆ ತಪ್ಪೇ?

ಮೊದಲಿಗೆ ಒಂದು ತಪ್ಪೊಪ್ಪಿಗೆ. 2022ರ ನವೆಂಬರ ತಿಂಗಳು. ನಾನು ಬಿ. ಎ. ಪ್ರಥಮ ವರ್ಷಕ್ಕೆ ಸೇರಿ ಇನ್ನೂ ಬಹಳ ದಿನಗಳಾಗಿರಲಿಲ್ಲ. ಮೂರು ದಿನ ಕಾಲೇಜಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, ರಜೆಯ ಅರ್ಜಿಯಲ್ಲಿ 'ಜ್ವರ ಬಂದಿದ್ದ ಕಾರಣ' ಎಂದು ಬರೆದುಕೊಟ್ಟೆ. ಗುರುಗಳು ನನ್ನ ಮುಖವನ್ನು ನೋಡಿದರು. ಕಣ್ಣು ಕೆಂಪಗಾಗಿದ್ದುವು, ಮುಖ ಬಾಡಿದ್ದಿತು. ಜ್ವರವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. "ಗುಳಿಗೆ ತೊಗೊಂಡಿಯೇನಪ್ಪಾ?" ಎಂದು ಕೇಳಿ ಸಹಿ ಹಾಕಿದರು. ಆ ಗುರುಗಳು ಈ ಸಂಚಿಕೆಯನ್ನು ಓದುವರೆಂಬುದನ್ನು ನಾನು ಬಲ್ಲೆ. ಆದುದರಿಂದ ಈಗಲಾದರೂ ನಿಜವನ್ನು ಹೇಳಿಬಿಡುತ್ತೇನೆ. ನನಗೆ ಜ್ವರ ಬಂದಿರಲಿಲ್ಲ. ನಮ್ಮ ಮನೆಯ ಎತ್ತು ಸತ್ತಿದ್ದಿತು.

ಸುಳ್ಳು ಏಕೆ ಬರೆದೆ ಎಂದು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೊಸ ಅಂಗಿ ತೊಟ್ಟು, ಪುಸ್ತಕ ಹಿಡಿದು, ನಾನೂ ಓದಿದವರಲ್ಲಿ ಒಬ್ಬನೆಂದು ತೋರಿಸಿಕೊಳ್ಳುವ ಹುಮ್ಮಸ್ಸಿನಲ್ಲಿದ್ದ ಕಾಲ ಅದು. ತರಗತಿಯ ಮುಂದೆ ನಿಂತು "ಎತ್ತು ಸತ್ತಿತ್ತು ಸರ್, ಅದಕ್ಕೇ ಬರಲಿಲ್ಲ" ಎಂದರೆ ಹಿಂದಿನ ಬೆಂಚಿನಿಂದ ನಗೆ ಏಳುವುದೆಂದು ನನಗೆ ಖಾತ್ರಿಯಿದ್ದಿತು. ಯಾಕೆಂದರೆ ಬೇರೊಬ್ಬನು ಹಾಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಅಷ್ಟೇ ಅಲ್ಲ, ಅದಕ್ಕೆ ಒಂದು ವರ್ಷ ಮೊದಲು ನಕ್ಕೂ ಇದ್ದೆ. ಆ ಮಾತನ್ನು ಮುಂದೆ ಹೇಳುತ್ತೇನೆ.

ಆ ವರ್ಷ ದನಗಳಿಗೆ ಬಂದ ಚರ್ಮಗಂಟು ರೋಗವನ್ನು ನಮ್ಮ ಹನುಮಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಮರೆತಿರಲಾರರು. ಇದು ಸಿಡುಬಿನ ಬಳಗಕ್ಕೆ ಸೇರಿದ ವೈರಾಣುವಿನಿಂದ ಬರುವ ಬೇನೆ. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ, ಮನುಷ್ಯರಿಗೆ ತಗಲುವುದಿಲ್ಲ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಈ ಬೇನೆ ತೊಂಬತ್ತು ವರ್ಷಗಳ ಪ್ರಯಾಣ ಮಾಡಿ 2019ರಲ್ಲಿ ಒಡಿಸ್ಸಾದಲ್ಲಿ ಕಾಣಿಸಿಕೊಂಡು, ಮೂರು ವರ್ಷಗಳಲ್ಲಿ ನಮ್ಮ ಕೊಟ್ಟಿಗೆಯ ತನಕ ಬಂದಿತು. ಆಡಿನ ಸಿಡುಬಿಗೆಂದು ಇದ್ದ ಲಸಿಕೆಯನ್ನೇ ದನಗಳಿಗೂ ಹಾಕಿದರು. ನಮ್ಮೂರಿಗೆ ಲಸಿಕೆ ಬರುವ ಹೊತ್ತಿಗೆ ನಮ್ಮ ಹಂಡ್ಯಾನ ಕುತ್ತಿಗೆಯ ಮೇಲೆ ಅಡಿಕೆಯಷ್ಟು ಅಡಿಕೆಯಷ್ಟು ದಪ್ಪದ ಗಂಟು ಎದ್ದಿದ್ದುವು. ಬೇನೆ ಬಿದ್ದ ಮೇಲೆ ಲಸಿಕೆಯಿಂದ ಏನೂ ಆಗದು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ದನದ ಡಾಕ್ಟರು ಹಗಲೂ ರಾತ್ರಿ ಮೋಟಾರು ಸೈಕಲ್ಲಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವ್ವ ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಕೂಡಿಸಿ ಅರೆದು ನಾಲಿಗೆಗೆ ಸವರಿದಳು. ಒಡೆದ ಗಂಟುಗಳಿಗೆ ಬೇವಿನೆಲೆ ಅರಿಶಿನ ಹಚ್ಚಿದಳು. ಹಂಡ್ಯಾ ಮೇವು ಬಿಟ್ಟನು. ಮುಂಗಾಲು ಬಾತವು. ಎಂಟು ದಿನ ಅಪ್ಪ ಕೊಟ್ಟಿಗೆಯಲ್ಲಿಯೇ ಮಲಗಿದನು. ಒಂಬತ್ತನೆಯ ದಿನ ಕೋಳಿ ಕೂಗುವ ಹೊತ್ತಿಗೆ ನಮ್ಮನ್ನು ಎಬ್ಬಿಸಲಿಲ್ಲ. ಬೆಳಗಾಗಿ ನಾವೇ ಎದ್ದು ಹೋದಾಗ ಅವನು ಹಂಡ್ಯಾನ ಮೂಗುದಾರವನ್ನು ಬಿಚ್ಚಿ ಕೈಯಲ್ಲಿ ಸುತ್ತಿಕೊಂಡು ಸುಮ್ಮನೆ ಕುಳಿತಿದ್ದನು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಎರಡು ಹಲ್ಲಿನ ಹೋರಿಯಾಗಿ ನಮ್ಮ ಮನೆಗೆ ಬಂದವನು ಅವನು. ಕುಂಟೆ ಹೊಡೆಯುವಾಗ ಭಾರಕ್ಕೆಂದು ನನ್ನನ್ನು ಕುಂಟೆಯ ಮೇಲೆ ಕೂಡಿಸುತ್ತಿದ್ದರು. ಒಮ್ಮೆ ತೂಕಡಿಸಿ ಮುಂದಕ್ಕೆ ಬಿದ್ದೆ. ಅಪ್ಪ ಕೂಗುವ ಮೊದಲೇ ಹಂಡ್ಯಾ ನಿಂತಿದ್ದನು, ಅವನು ನಿಂತುದರಿಂದ ಜೋಡಿಯ ಬಿಳಿಯಾನೂ ನಿಂತನು. ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಕುಂಟೆಯ ಕುಡ ನನ್ನ ಕಾಲನ್ನು ಕತ್ತರಿಸುತ್ತಿದ್ದಿತು. ಅದು ನನ್ನ ಮೇಲಿನ ಪ್ರೀತಿಯಿಂದ ನಿಂತಿತೋ, ನೊಗದ ಭಾರ ತಪ್ಪಿದುದರಿಂದ ನಿಂತಿತೋ ನಾನರಿಯೆ. ಎತ್ತಿನ ಮನಸ್ಸಿನಲ್ಲಿ ಏನಿದೆಯೆಂದು ಹೇಳುವಷ್ಟು ವಿದ್ಯೆ ನನಗಿಲ್ಲ. ಆದರೆ ನನ್ನ ಕಾಲು ನನಗಿದೆ.

ಹೂಳಿದ್ದು ನಮ್ಮ ಹೊಲದಲ್ಲಿಯೇ. ಈ ಬೇನೆಯಲ್ಲಿ ಸತ್ತ ದನವನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕೆಂದು ಹೇಳಿದ್ದರು. ಜೆಸಿಬಿ ಬಂದಿತು. ಅವ್ವ ಹಣೆಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದಳು. ಕಾರಹುಣ್ಣಿಮೆಗೆ ಕೋಡಿಗೆ ಕಟ್ಟುತ್ತಿದ್ದ ಗೊಂಡೆಯನ್ನು ತಂದು ಮತ್ತೆ ಕಟ್ಟಿದಳು. ಅಪ್ಪ ತನ್ನ ಹೆಗಲ ಮೇಲಿನ ಟವೆಲನ್ನು ಅವನ ಮುಖದ ಮೇಲೆ ಹಾಸಿದನು. ಸುಣ್ಣ ಹಾಕುವಾಗ ಮಾತ್ರ ಹಿಂದಕ್ಕೆ ತಿರುಗಿ ನಿಂತನು.

ಇಷ್ಟು ನಡೆದ ಮೇಲೆ ಊರವರು ಬಂದರು. ಬಂದವರೆಲ್ಲರೂ ಒಳ್ಳೆಯವರೇ. ಆದರೆ ಬಂದವರೆಲ್ಲ ಕೇಳಿದ ಮೊದಲ ಮಾತು ಒಂದೇ: "ಪರಿಹಾರಕ್ಕ ಬರದಿ ಏನೋ? ಎಷ್ಟ ಬರ್ತೈತಂತ?" ಸರಕಾರವು ಆಗ ಸತ್ತ ಎತ್ತಿಗೆ 30,000 ರೂಪಾಯಿ, ಆಕಳಿಗೆ 20,000, ಕರುವಿಗೆ 5,000 ಎಂದು ಪರಿಹಾರವನ್ನು ಗೊತ್ತು ಮಾಡಿದ್ದಿತು. ಒಳ್ಳೆಯ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ಆ ಬೆಲೆಗೆ ದುಡಿಯುವ ಎತ್ತು ಯಾವ ಸಂತೆಯಲ್ಲಿಯೂ ಸಿಗಲಾರದೆಂಬುದು ಬೇರೆ ಮಾತು. ಬಡವನ ಮನೆಗೆ ಬಂದ ದುಡ್ಡು ಬಡವನಿಗೆ ಬೇಕೇ ಬೇಕು. ನನ್ನ ತಕರಾರು ದುಡ್ಡಿನ ಬಗ್ಗೆ ಅಲ್ಲ, ಆ ಪ್ರಶ್ನೆ ಮೊದಲು ಬಂದುದರ ಬಗ್ಗೆ. ಅಪ್ಪನೂ ಅದಕ್ಕೆ ತಕ್ಕಂತೆ ಉತ್ತರ ಕೊಟ್ಟನು. ಹಿಂಗಾರಿ ಜೋಳಕ್ಕೆ ಎಡೆ ಹೊಡೆಯುವ ಕಾಲ, ಬಾಡಿಗೆಗೆ ಜೋಡಿ ತಂದರೆ ದಿನಕ್ಕಿಷ್ಟು, ಮುಯ್ಯಿಗೆ ಹೋದರೆ ಇಷ್ಟು ದಿನ, ಸಾಲ ಇಷ್ಟು. ಕೇಳುತ್ತ ಕುಳಿತ ನನಗೆ ಸಿಟ್ಟು ಬಂದಿತು. ಎಂಟು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ ಮನುಷ್ಯ ಇವನೇ ಏನು ಎಂದೆನಿಸಿತು.

ಇದನ್ನು ಕುರಿತು ನಾನು ಬಹಳ ದಿನ ವಿಚಾರ ಮಾಡಿದೆನು. ನಮ್ಮ ಹಳ್ಳಿಯ ಗಂಡಸರಿಗೆ ದುಃಖವನ್ನು ಹೇಳಿಕೊಳ್ಳಲು ಲೆಕ್ಕದ ಭಾಷೆಯೊಂದೇ ಉಳಿದಿದೆ ಎಂದು ಈಗ ನನಗೆ ಅನಿಸುತ್ತದೆ. ಎತ್ತಿಗಾಗಿ ಅತ್ತರೆ ಹೆಣ್ಣಿಗನೆನ್ನುತ್ತಾರೆ, ಎತ್ತಿನ ಬೆಲೆ ಹೇಳಿದರೆ ತಲೆದೂಗಿ ಕೇಳುತ್ತಾರೆ. ಆದುದರಿಂದ ಅವರು ಬೆಲೆ ಹೇಳುತ್ತಾರೆ. ಪೇಟೆಯ ಜನ ಇದನ್ನು ಕೇಳಿ, ರೈತನಿಗೆ ಎತ್ತೆಂದರೆ ಬಂಡವಾಳ, ಅವನ ಅಳು ನಷ್ಟದ ಅಳು, ಪ್ರೀತಿಯ ಅಳು ಅಲ್ಲ ಎಂದು ತೀರ್ಮಾನಿಸುವುದುಂಟು. ಇದು ತಪ್ಪು ತಿಳಿವಳಿಕೆ. ಒಟ್ಟಿಗೆ ದುಡಿದು ಒಟ್ಟಿಗೆ ಉಂಡ ಜೀವಗಳಲ್ಲಿ ಉಪಯೋಗ ಯಾವುದು, ಪ್ರೀತಿ ಯಾವುದು ಎಂದು ಸೀಳಿ ಬೇರೆ ಮಾಡಲು ಬರುವುದಿಲ್ಲ. ಮನೆ ನಡೆಸುವ ತಂದೆ ಸತ್ತರೆ ಮಕ್ಕಳು ಅಳುವುದು ಸಂಪಾದನೆ ಹೋಯಿತೆಂದೋ ತಂದೆ ಹೋದನೆಂದೋ ಎಂದು ಯಾರಾದರೂ ಕೇಳುತ್ತಾರೆಯೇ?

ಈಗ ನಾನು ನಕ್ಕ ಸಂಗತಿ. ನನ್ನ ಸೋದರಮಾವನ ಮಗನೊಬ್ಬನು ಬೆಂಗಳೂರಿನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಕಾರು ನಡೆಸುತ್ತಿದ್ದನು. ಆಕೆಯ ನಾಯಿ ಸತ್ತಿತು. ಕೆಂಗೇರಿಯ ಬಳಿ ಸಾಕುಪ್ರಾಣಿಗಳಿಗಾಗಿಯೇ ಒಂದು ಸ್ಮಶಾನವಿದೆ. ನಾಯಿಯ ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಆ ತಾಯಿಯ ತೊಡೆಯ ಮೇಲೆ ಇಟ್ಟು, ಇವನೇ ಅಲ್ಲಿಗೆ ಒಯ್ದನಂತೆ. ಜಾತ್ರೆಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು ಇದನ್ನು ವರ್ಣಿಸಿದನು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾಯಿಗೆ ಮಣ್ಣು ಕೊಡಲು ಕಾರು! ನಮ್ಮಲ್ಲಿ ನಾಯಿ ಸತ್ತರೆ ಕಾಲಿಗೆ ಹಗ್ಗ ಕಟ್ಟಿ ಎಳೆದು ಹಳ್ಳದ ದಂಡೆಗೆ ಒಗೆಯುವುದು ರೂಢಿ. ಆ ಮುದುಕಿಗೆ ಗಂಡನಿಲ್ಲ, ಮಕ್ಕಳು ಪರದೇಶದಲ್ಲಿದ್ದಾರೆ, ಹನ್ನೆರಡು ವರ್ಷ ಆ ನಾಯಿಯ ಜೊತೆಗೆ ಒಬ್ಬಳೇ ಇದ್ದಳು ಎಂಬುದನ್ನೂ ಅವನು ಹೇಳಿದ್ದನು. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ನನ್ನ ಪಾಳಿ ಬಂದಿತು. ಹಂಡ್ಯಾನ ಗುಂಡಿಯ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಕಟ್ಟೆಯ ನಗೆ.

ಪೇಟೆಯವರು ನಮ್ಮ ದುಃಖವನ್ನು ನಷ್ಟವೆನ್ನುತ್ತಾರೆ, ನಾವು ಅವರ ದುಃಖವನ್ನು ಹೊಟ್ಟೆ ತುಂಬಿದವರ ಚೇಷ್ಟೆ ಎನ್ನುತ್ತೇವೆ. ಅಂತೂ ಎರಡೂ ಕಡೆ ಅಳುವವನಿಗೆ ಅಳುವ ಅಧಿಕಾರವಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂತಹ ದುಃಖಕ್ಕೆ ಒಂದು ಹೆಸರನ್ನೇ ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ ಅದು 'ಹಕ್ಕು ಕಳೆದುಕೊಂಡ ದುಃಖ'. ಸಮಾಜ ಯಾವುದನ್ನು ದುಃಖವೆಂದು ಒಪ್ಪುವುದಿಲ್ಲವೋ, ಯಾವುದಕ್ಕೆ ಸೂತಕವಿಲ್ಲ, ರಜೆಯಿಲ್ಲ, ಮಾತನಾಡಿಸಲು ಬರುವ ನೆಂಟರಿಲ್ಲವೋ ಅದು ಒಳಗೇ ಉಳಿದು ಹೆಚ್ಚು ಕಾಡುತ್ತದೆ ಎಂಬುದು ಆ ಮಾತಿನ ಸಾರ. ನಾನು ಅರ್ಜಿಯಲ್ಲಿ ಬರೆದ ಜ್ವರಕ್ಕೆ ಇದಕ್ಕಿಂತ ಸರಿಯಾದ ಹೆಸರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆದರೆ ಇದನ್ನು ತಿಳಿಯಲು ಅಮೆರಿಕದ ತನಕ ಹೋಗಬೇಕಾಗಿಲ್ಲ. ಇತಿಹಾಸದ ಪಾಠದಲ್ಲಿ ನಾವೆಲ್ಲ ಆತಕೂರಿನ ಶಾಸನದ ಹೆಸರನ್ನು ಕೇಳಿದ್ದೇವೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಮರಣ, ಶಕವರ್ಷ 872, ಅಂದರೆ ಕ್ರಿ. ಶ. 949-50. ಪರೀಕ್ಷೆಗೆ ಇಷ್ಟು ಸಾಕು, ನಾವೂ ಇಷ್ಟನ್ನೇ ಉರುಹೊಡೆಯುತ್ತೇವೆ. ಆ ಕಲ್ಲನ್ನು ನೆಟ್ಟದ್ದು ಏತಕ್ಕೆಂದು ಹೇಳುವವರು ಕಡಿಮೆ. ಅದು ಒಂದು ನಾಯಿಯ ನೆನಪಿನ ಕಲ್ಲು.

ಬೂತುಗನ ಕಡೆಯ ಮಣಲೆರನೆಂಬ ವೀರನು ಯುದ್ಧದಲ್ಲಿ ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಆ ಕಾಲದಲ್ಲಿ ವೀರನೊಬ್ಬನು ಏನನ್ನೆಲ್ಲ ಬೇಡಬಹುದಿತ್ತು! ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತುವು. ಮಣಲೆರನು ಆತಕೂರಿನ ಶಿವಾಲಯದ ಮುಂದೆ ಕಲ್ಲು ನೆಡಿಸಿ, ನಾಯಿ ಹಂದಿಗಳ ಕಾಳಗವನ್ನು ಅದರ ಮೇಲೆ ಕೆತ್ತಿಸಿ, ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದು, ಉಂಡರೆ ಪಾಪ ತಟ್ಟುವುದು ಎಂದೂ ಬರೆಯಿಸಿದನು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಹೋರಾಡಿ ಸತ್ತದ್ದರಿಂದ ಕಲ್ಲು ಬಂದಿತು, ವೀರನಿಗೆ ಸಲ್ಲುವ ಮರ್ಯಾದೆ ಅದು, ದುಃಖದ ಮಾತೆಲ್ಲಿ ಬಂತು ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ, ಶಾಸನದಲ್ಲಿ ಅಳುವಿನ ಮಾತಿಲ್ಲ. ಆದರೆ ಗೊರವನ ಊಟದ ಮಾತು ಏಕಿದೆ? ಶೌರ್ಯವನ್ನು ಹೊಗಳುವುದಕ್ಕೆ ಒಮ್ಮೆ ಕೆತ್ತಿದರೆ ಸಾಕು. ದಿನದಿನವೂ ಉಣ್ಣುವ ಮೊದಲು ಆ ನಾಯಿಯನ್ನು ಒಬ್ಬರಾದರೂ ನೆನೆಯಬೇಕು ಎಂಬ ಕಟ್ಟಳೆಯನ್ನು ಮಾಡಿದವನ ಮನಸ್ಸಿನಲ್ಲಿ ಬರಿಯ ಹೊಗಳಿಕೆ ಇದ್ದಿರಲಾರದು. ಮಣಲೆರನಿಗೂ ಅಳಲು ಬೇರೆ ಭಾಷೆ ಇರಲಿಲ್ಲವೇನೋ. ನಮ್ಮಪ್ಪ ಲೆಕ್ಕ ಹೇಳಿದ, ಅವನು ಕಲ್ಲು ಕೆತ್ತಿಸಿದ. ಇದು ನನ್ನ ಊಹೆ. ಇತಿಹಾಸದ ಗುರುಗಳು ಕ್ಷಮಿಸಬೇಕು.

ಮಹಾಪ್ರಸ್ಥಾನದಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಕಥೆ ಎಲ್ಲರಿಗೂ ಗೊತ್ತು. ಕೊನೆಗೆ ಆ ನಾಯಿ ಯಮಧರ್ಮನೇ ಆಗಿದ್ದನೆಂದು ತಿಳಿದಾಗ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಮೋಸವಾದಂತೆ ಅನಿಸುತ್ತಿದ್ದಿತು. ಅದು ಬರಿಯ ನಾಯಿಯೇ ಆಗಿದ್ದರೆ ಧರ್ಮರಾಯನ ಮಾತಿನ ತೂಕ ಕಡಿಮೆಯಾಗುತ್ತಿದ್ದಿತೇ? ಜಪಾನಿನ ಹಾಚಿಕೋ ಎಂಬ ನಾಯಿಯ ಸಂಗತಿ ಇದಕ್ಕಿಂತ ನನಗೆ ಹೆಚ್ಚು ಹಿಡಿಸುತ್ತದೆ. ಅದರ ಒಡೆಯರು ಟೋಕಿಯೋದಲ್ಲಿ ಪ್ರಾಧ್ಯಾಪಕರಾಗಿದ್ದು 1925ರಲ್ಲಿ ತೀರಿಕೊಂಡರು. 1935ರಲ್ಲಿ ತಾನು ಸಾಯುವವರೆಗೂ ಅದು ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಅವರ ದಾರಿಯನ್ನು ಕಾಯಿತು. ಇಲ್ಲಿ ಅಳುವ ಪಾಳಿ ನಾಯಿಯದು.

ಪ್ರಾಣಿಗಳೂ ಅಗಲಿಕೆಯನ್ನು ಬಲ್ಲವು ಎಂಬುದಕ್ಕೆ ನನಗೆ ಟೋಕಿಯೋದ ಸಾಕ್ಷಿಯೂ ಬೇಡ. ಹಂಡ್ಯಾ ಹೋದ ಮೇಲೆ ಬಿಳಿಯಾ ಗೋದಲಿಯಲ್ಲಿ ತನ್ನ ಪಾಲಿನ ಕಣಿಕೆಯನ್ನು ಅರ್ಧ ತಿಂದು ಅರ್ಧ ಬಿಡುತ್ತಿದ್ದನು. ಬಿಟ್ಟದ್ದು ಯಾವಾಗಲೂ ಹಂಡ್ಯಾನ ಮಗ್ಗುಲಿನದೇ. ನೊಗ ಕಂಡರೆ ಎದ್ದು ನಿಂತು ಬಲಕ್ಕೆ ಸರಿಯುತ್ತಿದ್ದನು, ಎಡಗಡೆಯವನಿಗೆ ಜಾಗ ಬಿಟ್ಟು. ಒಂಟಿ ಎತ್ತಿನಿಂದ ಒಕ್ಕಲುತನ ನಡೆಯದು. ಜೋಡಿ ಕೂಡಿಸಲು ದುಡ್ಡಿರಲಿಲ್ಲ. ಬೇನೆಯ ದೆಸೆಯಿಂದ ನಿಂತಿದ್ದ ದನದ ಸಂತೆಗಳು ಮತ್ತೆ ಕೂಡತೊಡಗಿದ ಮೇಲೆ ಅಪ್ಪ ಒಂದು ದಿನ ನಸುಕಿನಲ್ಲಿ ಬಿಳಿಯಾನನ್ನು ಹೊಡೆದುಕೊಂಡು ಹೋಗಿ ಸಂಜೆ ಹಗ್ಗವೊಂದನ್ನೇ ಹಿಡಿದುಕೊಂಡು ಬಂದನು. ಯಾರು ಕೊಂಡರು, ಎಲ್ಲಿಗೆ ಒಯ್ದರು ಎಂದು ನಾವು ಕೇಳಲಿಲ್ಲ. ಹಂಡ್ಯಾನ ಸಾವಿಗೆ ಊರೇ ಬಂದಿತ್ತು. ಬಿಳಿಯಾ ಹೋದದ್ದಕ್ಕೆ ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನೆಯಲ್ಲಿ ಈವರೆಗೂ ಬಾಯಿಬಿಟ್ಟು ಆಡದಿರುವ ದುಃಖ ಈ ಎರಡನೆಯದು. ಸತ್ತವನ ಬಗ್ಗೆ ನಾವು ಮಾತನಾಡುತ್ತೇವೆ. ಮಾರಿದವನ ಹೆಸರನ್ನು ಎತ್ತುವುದಿಲ್ಲ. ಆ ದುಡ್ಡಿನಲ್ಲಿ ಒಂದು ಭಾಗ ನನ್ನ ಪುಸ್ತಕಗಳಾಗಿ ಬಂದಿದೆ.

ಈ ಮಾತನ್ನು ಕಾಲೇಜಿನ ಸಂಚಿಕೆಯಲ್ಲಿ ಏಕೆ ಬರೆಯುತ್ತಿರುವೆಯೆಂದರೆ ನನ್ನ ಬೇಡಿಕೆ ಸಣ್ಣದು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟಿಗೆಯ ಮಗ್ಗುಲಲ್ಲಿಯೇ ಮಲಗಿ ಬೆಳೆದವರು. ಕುರಿ ಕಾಯ್ದವರಿದ್ದೇವೆ, ಎಮ್ಮೆ ಮೇಯಿಸಿದವರಿದ್ದೇವೆ, ನಾಯಿಯ ಜೊತೆಗೆ ರೊಟ್ಟಿ ಹಂಚಿಕೊಂಡು ತಿಂದವರಿದ್ದೇವೆ. ಗೆಳೆಯನೊಬ್ಬನು ಮುಖ ಸಪ್ಪಗೆ ಮಾಡಿಕೊಂಡು ಬಂದು "ನಮ್ಮ ನಾಯಿ ಹೋತು" ಎಂದರೆ "ಇನ್ನೊಂದು ಮರಿ ತಂದ್ರಾತು ಬಿಡೋ" ಎನ್ನುವುದನ್ನು ನಾವು ಬಿಡಬಹುದು. ಇನ್ನೊಂದು ಮರಿ ತರುವುದು ತಪ್ಪಲ್ಲ, ಆದರೆ ಅದನ್ನು ಅವನು ಹೇಳಲಿ. ಪರಿಹಾರದ ಪ್ರಶ್ನೆಯನ್ನು ಎರಡನೆಯದಾಗಿ ಕೇಳೋಣ, ಮೊದಲನೆಯದಾಗಿ ಹೆಸರು ಕೇಳೋಣ. ನನ್ನನ್ನು ಯಾರಾದರೂ "ಅದರ ಹೆಸರೇನಿತ್ತು?" ಎಂದು ಕೇಳಿದ್ದರೆ ಆ ದಿನ ನಾನು ಜ್ವರವೆನ್ನುತ್ತಿರಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ "ಸಂತೆಗೆ ಹೋಗೈತಿ, ಬರ್ತೈತಿ" ಎಂದು ಸುಳ್ಳು ಹೇಳುವುದೂ ಬೇಡ. ನನ್ನ ತಂಗಿ ಆರು ತಿಂಗಳು ಬಿಳಿಯಾನ ದಾರಿ ಕಾಯ್ದಳು.

ಗುರುಗಳಿಗೆ ನನ್ನ ವಿನಂತಿಯೂ ಅಷ್ಟೇ. ರಜೆಯ ಅರ್ಜಿಯಲ್ಲಿ ನಿಜವಾದ ಕಾರಣ ಬರೆಯಲು ನಮಗೆ ಧೈರ್ಯ ಬರುವಂತೆ ಮಾಡಬೇಕು. ಹಾಗಾದರೆ ವಾರಕ್ಕೊಂದು ಎತ್ತು ಸಾಯತೊಡಗುವುದೆಂಬ ಭಯ ಅವರಿಗೆ ಇರಬಹುದು. ನಮ್ಮ ತರಗತಿಯಲ್ಲಿ ಒಬ್ಬನ ಅಜ್ಜ ಮೂರು ವರ್ಷಗಳಲ್ಲಿ ನಾಲ್ಕು ಸಲ ತೀರಿಕೊಂಡಿದ್ದಾರೆ. ಅಜ್ಜನ ಸಾವನ್ನು ನಂಬಿದ ಗುರುಗಳು ಎತ್ತಿನ ಸಾವನ್ನೂ ಒಂದೆರಡು ಸಲ ನಂಬಿದರೆ ಕೆಡುಕೇನೂ ಆಗದು.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮವ್ವ ಈಗಲೂ ಎರಡು ಎತ್ತು ಮಾಡುತ್ತಾಳೆ. ಒಂದರ ಮೈಮೇಲೆ ಬೆರಳಿನಿಂದ ಸುಣ್ಣದ ಮಚ್ಚೆ ಇಡುತ್ತಾಳೆ. ಕೊಟ್ಟಿಗೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ಎತ್ತಿನ ಬೇಸಾಯವೇ ಒಳ್ಳೆಯದಿತ್ತೆಂದು ನಾನು ವಾದಿಸಲಾರೆ. ಆರು ದಿನದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಅಪ್ಪನ ಬೆನ್ನು ನೋವು ಕಡಿಮೆಯಾಗಿದೆ.

ಕಳೆದ ಮುಂಗಾರಿನಲ್ಲಿ ಟ್ರ್ಯಾಕ್ಟರಿನವನ ಜೊತೆಗೆ ನಾನೂ ಹೊಲಕ್ಕೆ ಹೋಗಿದ್ದೆ. ಬದುವಿನ ಬೇವಿನ ಗಿಡದ ಹತ್ತಿರ ಬರುತ್ತಲೇ ಅಪ್ಪ ಕೈ ಅಡ್ಡ ಹಿಡಿದು ಕೂಗಿದನು: "ಇಲ್ಲಿ ಒಂದೀಟು ಬಿಟ್ಟು ಹೊಡಿಯಪಾ."

"ಯಾಕ ಕಾಕಾ, ಚಲೋ ಮಣ್ಣ ಐತೆಲ್ಲ?" ಎಂದನು ಟ್ರ್ಯಾಕ್ಟರಿನವನು.

"ಕಲ್ಲ ಅದಾವು. ಕುಡ ಮುರಿತೈತಿ."

ಅವನು ತಿರುಗಿಸಿಕೊಂಡು ಹೋದನು. ಅಲ್ಲಿ ಒಂದು ಕಲ್ಲೂ ಇಲ್ಲ.